ಗೊರಕೆ ಬೆಲ್ಟ್ ಕೊಳ್ಳುವ ಮುಂಚೆ ರಿಪೋರ್ಟಿನ ಈ ಸಾಲು ನೋಡಿ

"ಅಂಗಾತ ಮಲಗಿದರೆ ಮಾತ್ರ ನಿಮಗೆ ತೊಂದರೆ. ಈ ಬೆಲ್ಟ್ ಕಟ್ಟಿಕೊಂಡು ಮಗ್ಗುಲಾಗಿ ಮಲಗಿ, ಮೂಗಿಗೆ ಮೆಷಿನ್ ಬೇಡ" ಅಂತ ಯಾರಾದರೂ ಹೇಳಿದರೆ ದುಡ್ಡು ಕೊಡುವ ಮುಂಚೆ ಇದನ್ನು ಓದಿ. ನಮ್ಮನೆಯವರಿಗೆ ಹೀಗೇ ಹೇಳಿ 14,500 ರೂಪಾಯಿಯ ಬೆಲ್ಟ್ ಮಾರಿದರು. ಗೊರಕೆ ನಿಂತಿತು. ನಿದ್ದೆಯಲ್ಲಿ ಉಸಿರು ಕಟ್ಟೋದು, ಅಂದರೆ ಸ್ಲೀಪ್ ಅಪ್ನಿಯಾ ಅನ್ನುವ ಕಾಯಿಲೆ, ನಿಲ್ಲಲಿಲ್ಲ.

ಅವರು ತುಮಕೂರಿನಿಂದ ಪೀಣ್ಯಕ್ಕೆ ಕಾರಿನಲ್ಲಿ ಹೋಗಿ ಬರುವವರು. ವಯಸ್ಸು ಐವತ್ತರ ಹತ್ತಿರ, ಬಿಪಿ ಮಾತ್ರೆ ಇದೆ, ಕುತ್ತಿಗೆ ದಪ್ಪ. ಗೊರಕೆ ಮದುವೆಯಾದಾಗಿನಿಂದ ಇದೆ, ಅದು ಬಿಡಿ. ಈಚೆಗೆ ಬೆಳಿಗ್ಗೆ ಏಳುವಾಗಲೇ ತಲೆನೋವು, ಬಾಯಿ ಒಣಗೋದು, ಕೂತಲ್ಲೇ ತೂಕಡಿಕೆ ಶುರುವಾಗಿತ್ತು. ಒಂದು ಸಂಜೆ ಕ್ಯಾತ್ಸಂದ್ರ ಟೋಲ್ ಸಾಲಿನಲ್ಲಿ ಸ್ಟೀರಿಂಗ್ ಹಿಡಿದುಕೊಂಡೇ ನಿದ್ದೆ ಹೋಗಿದ್ದಾರೆ. ಹಿಂದಿನ ಲಾರಿಯವನು ಹಾರನ್ ಹೊಡೆದ ಮೇಲೆ ಎಚ್ಚರ.

ನಿದ್ದೆ ಸಮಸ್ಯೆಗೆ ಸಾಮಾನು ಮಾರುವ ಅಂಗಡಿಯೊಂದರವರು ಮನೆಗೇ ಬಂದು ಟೆಸ್ಟ್ ಮಾಡಿಕೊಟ್ಟರು. ಬೆರಳಿಗೊಂದು ಕ್ಲಿಪ್, ಎದೆಗೊಂದು ಪಟ್ಟಿ, ಮೂಗಿಗೊಂದು ಸಣ್ಣ ಟ್ಯೂಬ್. ರಿಪೋರ್ಟಿನಲ್ಲಿ ಎಎಚ್‌ಐ 25 ಅಂತ ಬಂತು. ಅಂದರೆ ಗಂಟೆಗೆ 25 ಸಲ ಉಸಿರು ಪೂರ್ತಿ ನಿಲ್ಲುತ್ತದೆ, ಇಲ್ಲಾ ತೀರಾ ಕಡಿಮೆಯಾಗುತ್ತದೆ. ಕಡೇಪಕ್ಷ 10 ಸೆಕೆಂಡ್ ಹಾಗಾದರೆ ಒಂದು ಸಲ ಅಂತ ಲೆಕ್ಕ. 5ರ ಒಳಗಿದ್ದರೆ ಚಿಂತೆಯಿಲ್ಲ, 15ರವರೆಗೆ ಸೌಮ್ಯ, 30ರವರೆಗೆ ಮಧ್ಯಮ, ಅದಕ್ಕಿಂತ ಮೇಲೆ ತೀವ್ರ.

ಅದರ ಕೆಳಗೇ ಇನ್ನೊಂದು ಸಾಲಿತ್ತು. ಅಂಗಾತ 38, ಮಗ್ಗುಲು 17. ಅಂಗಡಿಯ 'ಸ್ಲೀಪ್ ಕನ್ಸಲ್ಟೆಂಟ್' 38ಕ್ಕೆ ಪೆನ್ನಿನಲ್ಲಿ ದುಂಡಗೆ ಸುತ್ತು ಹಾಕಿ, "ನೋಡಿ ಸರ್, ಎರಡರಷ್ಟಿದೆ. ಪೊಸಿಷನಲ್ ಕೇಸ್. ಬೆಲ್ಟ್ ಸಾಕು" ಅಂದ.

ಇಲ್ಲೇ ಇರೋದು ಕೈಚಳಕ. ಅವನು ಹೇಳಿದ್ದು ಪೂರ್ತಿ ಸುಳ್ಳಲ್ಲ. ಅಂಗಾತ ಮಲಗಿದಾಗ ನಾಲಿಗೆಯ ಬುಡ, ಕಿರುನಾಲಿಗೆ ಇರುವ ಮೆತ್ತನೆ ಭಾಗ ಎಲ್ಲಾ ಹಿಂದಕ್ಕೆ ಜಾರಿ ಗಂಟಲ ದಾರಿ ಮುಚ್ಚುತ್ತದೆ. ಮಗ್ಗುಲಾದರೆ ತುಂಬಾ ಜನಕ್ಕೆ ಕಡಿಮೆಯಾಗುತ್ತದೆ. ಅಂಗಾತದ ಸಂಖ್ಯೆ ಮಗ್ಗುಲಿನದಕ್ಕಿಂತ ಎರಡರಷ್ಟಾದರೂ ಇದ್ದರೆ ಪೊಸಿಷನಲ್ ಅಂತ ಕರೆಯೋದು 1984ರಿಂದ ನಡೆದುಬಂದ ಲೆಕ್ಕ, ಡಾಕ್ಟರುಗಳೂ ಅದನ್ನೇ ಹೇಳುತ್ತಾರೆ. ಆದರೆ ಎರಡರಷ್ಟು ಅನ್ನೋದು ಬರೀ ಹೋಲಿಕೆ. ಮಗ್ಗುಲಿನ 17 ಇದೆಯಲ್ಲ, ಅದೊಂದೇ ಮಧ್ಯಮ ಹಂತದ ಕಾಯಿಲೆ. ರಾತ್ರಿಯಿಡೀ ಹೊರಳದೆ ಮಗ್ಗುಲಲ್ಲೇ ಬಿದ್ದುಕೊಂಡರೂ ಗಂಟೆಗೆ 17 ಸಲ ಉಸಿರು ತಪ್ಪುತ್ತದೆ. ಆ ಸಂಖ್ಯೆಗೆ ಮಾತ್ರ ಅವನ ಪೆನ್ನು ಸುತ್ತು ಹಾಕಲಿಲ್ಲ. ರಿಪೋರ್ಟಿನಲ್ಲಿ ಯಾವ ಡಾಕ್ಟರ ಸಹಿಯೂ ಇರಲಿಲ್ಲ.

ಬೆಲ್ಟ್ ಅಂದರೆ ಬೆನ್ನಿಗೆ ಫೋಮಿನ ದಿಂಡು, ಎದೆ ಮೇಲೆ ಬೆಂಕಿಪೊಟ್ಟಣದಷ್ಟು ಒಂದು ಡಬ್ಬಿ. ಅಂಗಾತ ಹೊರಳಿದರೆ ಡಬ್ಬಿ ಗುರ್ ಅಂತ ನಡುಗುತ್ತದೆ. ಬನಿಯನ್ನಿನ ಬೆನ್ನಿಗೆ ಜೇಬು ಹೊಲಿದು ಟೆನ್ನಿಸ್ ಬಾಲ್ ಇಡೋದು ಇದೇ ಕೆಲಸದ ಹಳೇ ಉಪಾಯ. ಅದಕ್ಕೆ ಖರ್ಚೇ ಇಲ್ಲ. ಬೆನ್ನು ನೋವು, ನಿದ್ದೆಗೇಡು ಅಂತ ಅದನ್ನು ಮಧ್ಯದಲ್ಲೇ ಬಿಡುವವರೇ ಜಾಸ್ತಿ, ಅದು ಬೇರೆ ಮಾತು. ಬೆಲ್ಟಿನ ಜೊತೆ ಗಲ್ಲಕ್ಕೆ ಕಟ್ಟುವ ಪಟ್ಟಿಯೊಂದನ್ನು ಫ್ರೀ ಕೊಟ್ಟರು. ಪಟ್ಟಿ ಬಾಯಿ ಮುಚ್ಚಿಸುತ್ತದೆ, ಸದ್ದು ಕಡಿಮೆಯಾಗುತ್ತದೆ. ಗಂಟಲನ್ನೇನೂ ಅದು ತೆರೆಯೋದಿಲ್ಲ.

ಡಬ್ಬಿಗೊಂದು ಆ್ಯಪ್ ಇದೆ. ಬೆಳಿಗ್ಗೆ ಎದ್ದರೆ ಹಸಿರು ಗುರುತು, "ಸೂಪರ್! 96% ಮಗ್ಗುಲಲ್ಲಿ". ಇವರು ಅದನ್ನೇ ತೋರಿಸಿ ಖುಷಿಪಡೋರು, ಆಮೇಲೆ ತಲೆನೋವಿನ ಮಾತ್ರೆ ನುಂಗೋರು. ಆ್ಯಪ್ ಅಳೆಯೋದು ಮೈ ಯಾವ ಕಡೆ ತಿರುಗಿದೆ ಅನ್ನೋದನ್ನು ಮಾತ್ರ. ಉಸಿರು ಅದಕ್ಕೆ ಗೊತ್ತೇ ಇಲ್ಲ.

ನನಗೆ ಅನುಮಾನ ಬಂದಿದ್ದು ಬೆಳಗಿನ ಜಾವ ಒಮ್ಮೆ ಎಚ್ಚರವಾದಾಗ. ಎಡಮಗ್ಗುಲಲ್ಲೇ ಮಲಗಿದ್ದರು, ಸದ್ದಿಲ್ಲ. ನೋಡಿದರೆ ಹೊಟ್ಟೆ ಎಳೆದಾಡುತ್ತಿದೆ, ಮೂಗಿನ ಹತ್ತಿರ ಕೈ ಹಿಡಿದರೆ ಗಾಳಿಯೇ ಬರ್ತಿಲ್ಲ. ಮೊಬೈಲ್ ಗಡಿಯಾರ ನೋಡುತ್ತಾ ಕೂತೆ. 30 ಸೆಕೆಂಡ್ ಆದಮೇಲೆ ಒಂದು ಏದುಸಿರು, ಸ್ವಲ್ಪ ಹೊತ್ತು ಸರಿ, ಮತ್ತೆ ಅದೇ ಕಥೆ. ಅಷ್ಟೂ ಹೊತ್ತು ಡಬ್ಬಿ ತಣ್ಣಗಿತ್ತು. ಅದರ ಪ್ರಕಾರ ಎಲ್ಲಾ ಸರಿಯಾಗೇ ಇತ್ತು.

ಶ್ವಾಸಕೋಶದ ಡಾಕ್ಟರು ಆ ರಿಪೋರ್ಟ್ ನೋಡಿ ಕೇಳಿದ ಮೊದಲ ಪ್ರಶ್ನೆ, "ಬೆಲ್ಟ್ ಕಟ್ಕೊಂಡು ಇನ್ನೊಂದು ಸಲ ಟೆಸ್ಟ್ ಮಾಡಿಸಿದ್ರಾ?" ಅಂಗಡಿಯವರು ಅದರ ಸುದ್ದಿಯನ್ನೇ ಎತ್ತಿರಲಿಲ್ಲ. ಆಸ್ಪತ್ರೆಯಲ್ಲಿ ರಾತ್ರಿ ಮಲಗಿಸಿ, ತಲೆಗೆಲ್ಲಾ ವೈರ್ ಅಂಟಿಸಿ ಪೂರ್ತಿ ಪರೀಕ್ಷೆ ಮಾಡಿದರು. ಕನಸು ಬೀಳುವ ನಿದ್ದೆಯಲ್ಲಿ ಗಂಟಲಿನ ಸ್ನಾಯುಗಳು ಇನ್ನೂ ಸಡಿಲವಾಗುತ್ತವಂತೆ. ಆ ಹೊತ್ತಿನಲ್ಲಿ ಇವರಿಗೆ ಮಗ್ಗುಲಲ್ಲೂ ಸಂಖ್ಯೆ 40 ದಾಟಿತ್ತು, ಆಕ್ಸಿಜನ್ 81ಕ್ಕೆ ಇಳಿದಿತ್ತು. ಅಂಥ ನಿದ್ದೆ ಬೆಳಗಿನ ಜಾವವೇ ಜಾಸ್ತಿ, ನಾನು ಕಂಡಿದ್ದೂ ಆಗಲೇ. ಮನೆಯಲ್ಲಿ ಮಾಡುವ ಸಣ್ಣ ಟೆಸ್ಟಿಗೆ ಸಾಮಾನ್ಯವಾಗಿ ತಲೆಯ ವೈರ್ ಇರಲ್ಲ. ಹಾಗಾಗಿ ಯಾವ ಹೊತ್ತಿನ ನಿದ್ದೆ ಅಂತ ಅದಕ್ಕೆ ತಿಳಿಯಲ್ಲ. ಮೊಬೈಲ್ ನೋಡ್ತಾ ಎಚ್ಚರವಾಗಿದ್ದ ಹೊತ್ತೂ ಗಂಟೆ ಲೆಕ್ಕಕ್ಕೆ ಸೇರಿಕೊಂಡು ಸಂಖ್ಯೆ ಕಡಿಮೆ ಬರಬಹುದು.

ಈಗ ಸಿಪ್ಯಾಪ್ ಮೆಷಿನ್, ಅಂದರೆ ಮಾಸ್ಕಿನಿಂದ ಗಾಳಿ ಒತ್ತಿ ಗಂಟಲ ದಾರಿ ತೆರೆದಿಡುವ ಮೆಷಿನ್, ಹಾಕಿಕೊಳ್ಳುತ್ತಿದ್ದಾರೆ. ಮೂಗಿನ ಮೇಲೆ ಕೆಂಪು ಗೆರೆ ಬೀಳುತ್ತೆ ಅಂತ ಗೊಣಗಾಟ ಇದ್ದೇ ಇದೆ. ತಲೆನೋವು ಮಾತ್ರ ಹೋಗಿದೆ.

ಬೆಲ್ಟೇ ಮೋಸ ಅಂತ ನಾನು ಹೇಳ್ತಿಲ್ಲ. ನಮ್ಮ ದೊಡ್ಡಮ್ಮನ ಮಗನಿಗೆ ಮಗ್ಗುಲಿನ ಸಂಖ್ಯೆ 3 ಇದೆ. ಅವನಿಗೆ ಡಾಕ್ಟರೇ ಮಗ್ಗುಲಾಗಿ ಮಲಗು, ತೂಕ ಇಳಿಸು ಅಂದಿದ್ದಾರೆ, ಸರಿಹೋಗಿದೆ. ನೀವು ನೋಡಬೇಕಾದ್ದು ಮಗ್ಗುಲಿನ ಸಂಖ್ಯೆ 5ರ ಒಳಗಿದೆಯಾ ಅಂತ. ಎಷ್ಟು ಹೊತ್ತು ಮಗ್ಗುಲಲ್ಲಿದ್ದಾಗ ಬಂದ ಸಂಖ್ಯೆ ಅದು ಅಂತಲೂ ನೋಡಿ. ರಾತ್ರಿಯಲ್ಲಿ ಇಪ್ಪತ್ತು ನಿಮಿಷ ಮಗ್ಗುಲಾಗಿದ್ದರೆ ಆ ಸಂಖ್ಯೆ ಯಾವ ಲೆಕ್ಕಕ್ಕೂ ಇಲ್ಲ. ಬೆಲ್ಟ್ ತಗೊಂಡರೆ ಅದನ್ನು ಕಟ್ಟಿಕೊಂಡೇ ಇನ್ನೊಮ್ಮೆ ಟೆಸ್ಟ್ ಆಗಲಿ. ಹಗಲು ತೂಕಡಿಕೆ ಇರುವಷ್ಟು ದಿನ ಗಾಡಿ ಓಡಿಸಬೇಡಿ, ಅಂಗಡಿಯವನು ಏನೇ ಹೇಳಲಿ.

ದುಡ್ಡಿನ ಕಥೆ ಇನ್ನೂ ಮುಗಿದಿಲ್ಲ. ವಾಪಸ್ ಕೇಳಿದರೆ "ಮೈಗೆ ಕಟ್ಟಿದ ಸಾಮಾನು ತಗೊಳ್ಳಲ್ಲ ಮೇಡಂ" ಅಂದರು. ಬಿಲ್ ತೆಗೆದು ನೋಡಿದರೆ 'ಟ್ರೀಟ್‌ಮೆಂಟ್' ಅನ್ನುವ ಮಾತೇ ಇಲ್ಲ, 'ಫೋಮ್ ಬೆಲ್ಟ್, 1' ಅಂತಿದೆ. ಅವರು ಕಾಯಿಲೆ ವಾಸಿಯಾಗುತ್ತೆ ಅಂತ ಬರೆದಿದ್ದ ವಾಟ್ಸಾಪ್ ಮೆಸೇಜುಗಳು ನಮ್ಮ ಹತ್ತಿರ ಇವೆ. ಅವನ್ನು ಸೇರಿಸಿ ಗ್ರಾಹಕ ಸಹಾಯವಾಣಿ 1915ರಲ್ಲಿ ದೂರು ಕೊಟ್ಟಿದ್ದೇವೆ. ಅಂಗಡಿಯಿಂದ ಇನ್ನೂ ಉತ್ತರ ಬಂದಿಲ್ಲ.