ಕೋಪ ನಿರ್ವಹಣೆಯ ಆ್ಯಪ್: ಅಭ್ಯಾಸ ಗಟ್ಟಿ, ಮೆದುಳಿನ ಪಾಠ ಟೊಳ್ಳು

ಕೋಪವನ್ನು ಹತೋಟಿಯಲ್ಲಿಡುವುದನ್ನು ಮೆದುಳಿನ ವಿಜ್ಞಾನದ ಆಧಾರದ ಮೇಲೆ ಕಲಿಸುತ್ತೇವೆಂದು ಹೇಳಿಕೊಳ್ಳುವ ಮೊಬೈಲ್ ಆ್ಯಪ್ ಒಂದರ 8 ವಾರಗಳ ಪಾಠಕ್ರಮವನ್ನು ಒಂದು ದಿನವೂ ತಪ್ಪಿಸದೆ ಮುಗಿಸಿದ್ದೇನೆ. ಮೂಗಿನ ತುದಿಯಲ್ಲೇ ಕೋಪವಿರುವ ಮನುಷ್ಯನೆಂದು ಮನೆಯವರಿಂದ ಮೊದಲಿನಿಂದಲೂ ಹೇಳಿಸಿಕೊಂಡವನು ನಾನು. ಆದ್ದರಿಂದ ಇದನ್ನು ಪರೀಕ್ಷಿಸಲು ಬೇಕಾದ ಸಾಮಗ್ರಿಗೆ ಕೊರತೆಯಿರಲಿಲ್ಲ. ಆ್ಯಪ್‌ನ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ಇದೇ ಅಚ್ಚಿನವು ಹಲವಾರಿದ್ದು, ಇಲ್ಲಿ ಹೇಳುವ ಗುಣದೋಷಗಳನ್ನು ಯಾವುದನ್ನು ಕೊಳ್ಳುವ ಮುನ್ನವೂ ಹೋಲಿಸಿ ನೋಡಬಹುದು.

ದಿನಕ್ಕೆ ಒಂದು ಕಿರು ಪಾಠ, ಒಂದು ಅಭ್ಯಾಸ, ಇವುಗಳ ಜೊತೆಗೆ ಯಾವಾಗ ಬೇಕಾದರೂ ಒತ್ತಬಹುದಾದ ‘ಈಗ ಸಿಟ್ಟು ಬಂದಿದೆ’ ಎಂಬ ಗುಂಡಿ: ವ್ಯವಸ್ಥೆ ಇಷ್ಟೇ. ವಿನ್ಯಾಸ ಸರಳವಾಗಿದೆ, ಧ್ವನಿ ಹಿತವಾಗಿದೆ. ತಕರಾರು ಶುರುವಾಗುವುದು ಮೊದಲ ವಾರದ ಪಾಠದಿಂದ.

ಮೆದುಳಿನ ತಳದಲ್ಲಿ ಹಲ್ಲಿಯ ಮೆದುಳು, ಅದರ ಮೇಲೆ ಸಸ್ತನಿಯ ಮೆದುಳು, ಎಲ್ಲಕ್ಕೂ ಮೇಲೆ ಮನುಷ್ಯನ ವಿವೇಕದ ಮೆದುಳು ಎಂಬ ಮೂರಂತಸ್ತಿನ ಚಿತ್ರವನ್ನು ಆ್ಯಪ್ ತೋರಿಸುತ್ತದೆ. ಅಮಿಗ್ಡಲಾ ಒಳಗಿನ ಕಾಡುಮೃಗ, ಹಣೆಯ ಹಿಂದಿರುವ ಪ್ರಿಫ್ರಂಟಲ್ ಕಾರ್ಟೆಕ್ಸ್ ಅದರ ಮೂಗುದಾರ ಹಿಡಿದವನು ಎನ್ನುತ್ತದೆ. ಅಮೆರಿಕದ ನರವಿಜ್ಞಾನಿ ಪಾಲ್ ಮ್ಯಾಕ್ಲೀನ್ 1960ರ ದಶಕದಲ್ಲಿ ರೂಪಿಸಿದ ಈ ಕಲ್ಪನೆಯನ್ನು, ಬೇರೆ ಬೇರೆ ಪ್ರಾಣಿಗಳ ಮೆದುಳನ್ನು ಹೋಲಿಸಿ ನೋಡುವ ವಿಜ್ಞಾನಿಗಳು ಎಂದೋ ಕೈಬಿಟ್ಟಿದ್ದಾರೆ. ವಿಕಾಸವು ಹಳೆಯ ಮನೆಯ ಮೇಲೆ ಹೊಸ ಮಹಡಿ ಕಟ್ಟಿದ ಹಾಗೆ ನಡೆದಿಲ್ಲ. ಬಾದಾಮಿಯಾಕಾರದ ಅಮಿಗ್ಡಲಾ ಬರೀ ಕೋಪದ ಕೇಂದ್ರವೂ ಅಲ್ಲ. ಎದುರಿಗೆ ಬಂದದ್ದು ನನ್ನ ಮಟ್ಟಿಗೆ ಮುಖ್ಯವೇ ಎಂದು ತೂಗುವ ಈ ಭಾಗವು ಭಯಕ್ಕೂ, ಹೊಸತಿಗೂ, ಸಿಗಲಿರುವ ಬಹುಮಾನಕ್ಕೂ ಮಿಡಿಯುತ್ತದೆ.

ಕೋಪದ ದಾರಿಯನ್ನು ಹುಡುಕಿದವರ ಕಥೆ ಆ್ಯಪ್ ಹೇಳುವುದಕ್ಕಿಂತ ಸ್ವಾರಸ್ಯವಾಗಿದೆ. ಮೆದುಳಿನ ಹೊರಪದರವಾದ ಕಾರ್ಟೆಕ್ಸನ್ನು ತೆಗೆದ ಮೇಲೂ ಬೆಕ್ಕುಗಳು ಬೆನ್ನು ಬಾಗಿಸಿ, ಉಗುರು ಚಾಚಿ, ಬುಸುಗುಟ್ಟುವುದನ್ನು ಫಿಲಿಪ್ ಬಾರ್ಡ್ 1928ರಲ್ಲಿ ವಿವರಿಸಿದರು. ಮೆದುಳಿನ ತಳದಲ್ಲಿರುವ ಹೈಪೋಥಲಾಮಸ್ ಎಂಬ ಪುಟ್ಟ ಭಾಗದ ಹಿಂಬದಿ ಉಳಿದಿರುವವರೆಗೂ ಈ ರೌದ್ರ ಪೂರ್ಣವಾಗಿ ಕಾಣಿಸಿಕೊಳ್ಳುತ್ತಿತ್ತು, ಅದನ್ನೂ ತೆಗೆದಾಗ ಚದುರಿಹೋಗುತ್ತಿತ್ತು. ಮುಂದೆ ವಾಲ್ಟರ್ ಹೆಸ್ ಎಚ್ಚರವಿರುವ ಬೆಕ್ಕುಗಳ ಹೈಪೋಥಲಾಮಸ್‌ಗೆ ಸಣ್ಣ ವಿದ್ಯುತ್ ಹಾಯಿಸಿ, ಶಾಂತವಾಗಿ ಕುಳಿತಿದ್ದ ಪ್ರಾಣಿ ಆಕ್ರಮಣಕ್ಕೆ ಸಜ್ಜಾಗುವುದನ್ನು ತೋರಿಸಿದರು. ಅವರಿಗೆ 1949ರಲ್ಲಿ ನೊಬೆಲ್ ಬಂತು. ಅಮಿಗ್ಡಲಾದಿಂದ ಹೈಪೋಥಲಾಮಸ್‌ಗೆ, ಅಲ್ಲಿಂದ ಮೆದುಳಿನ ಕಾಂಡದ ಬೂದು ಭಾಗಕ್ಕೆ ಹರಿಯುವ ಈ ಜಾಲವು ಕೋಪಕ್ಕೆ ಮೈಯನ್ನು ಸಿದ್ಧಪಡಿಸುತ್ತದೆ. ಆದರೆ ಬಾರ್ಡ್‌ನ ಬೆಕ್ಕುಗಳ ಕೋಪಕ್ಕೆ ಗುರಿಯೇ ಇರಲಿಲ್ಲ, ಸುಮ್ಮನೆ ಮುಟ್ಟಿದರೂ ಅವು ಕೆರಳುತ್ತಿದ್ದವು. ಯಾರ ಮೇಲೆ ಕೋಪ, ಯಾಕೆ, ಎಷ್ಟು ಎಂಬುದೆಲ್ಲ ಕಾರ್ಟೆಕ್ಸ್ ಇದ್ದಾಗಿನ ಮಾತು.

ಆ್ಯಪ್ ಕಳೆದುಕೊಂಡಿರುವುದು ಇದನ್ನೇ. ನೀವು ಒಳಗೆ ಹೋಗುವಷ್ಟರಲ್ಲಿ ಬಾಗಿಲು ಮುಖಕ್ಕೇ ಬಡಿದುಕೊಂಡಿತೆನ್ನಿ. ಯಾರೋ ಬೇಕೆಂದೇ ತಳ್ಳಿದರೆಂದು ನೆತ್ತಿಗೇರಿದ ಸಿಟ್ಟು, ಅದು ಗಾಳಿಯ ಕೆಲಸವೆಂದು ಗೊತ್ತಾದೊಡನೆ ಜರ್ರನೆ ಇಳಿದುಬಿಡುತ್ತದೆ. ಅಲ್ಲಿ ಯಾರೂ ಮೂಗುದಾರ ಎಳೆಯಲಿಲ್ಲ. ನಡೆದದ್ದರ ಅರ್ಥವೇ ಬದಲಾಯಿತು. ಪ್ರಿಫ್ರಂಟಲ್ ಕಾರ್ಟೆಕ್ಸ್ ಕೋಪವನ್ನು ತಡೆಯುತ್ತದೆಂಬುದು ಸರಿ, ಅದರ ಜೊತೆಗೆ ಕೋಪಕ್ಕೆ ಕಾರಣಗಳನ್ನು ಒದಗಿಸುವ ಲೆಕ್ಕಾಚಾರದಲ್ಲೂ ಅದರ ಪಾಲಿದೆ. ಹಳೆಯ ಅವಮಾನವೊಂದನ್ನು ರಾತ್ರಿಯಿಡೀ ಮೆಲುಕು ಹಾಕುವ ಸಾಮರ್ಥ್ಯ ಯಾವ ಹಲ್ಲಿಗೂ ಇದ್ದಂತಿಲ್ಲ.

ತಪ್ಪು ಚಿತ್ರ ಪಾಠದಲ್ಲೇ ಉಳಿದಿದ್ದರೆ ಕ್ಷಮಿಸಬಹುದಿತ್ತು. ಅದು ಅಭ್ಯಾಸಗಳಿಗೂ ಇಳಿದಿದೆ. ಮೃಗವನ್ನು ಕಟ್ಟಿಹಾಕಬೇಕೆಂಬ ತರ್ಕದಿಂದ ಎರಡನೇ ವಾರದಲ್ಲಿ, ಕೋಪ ಬಂದಾಗ ಮುಖದಲ್ಲಿ ಏನನ್ನೂ ತೋರಗೊಡದಿರುವ ಅಭ್ಯಾಸ ಮಾಡಿಸುತ್ತಾರೆ. ಹೀಗೆ ಅದುಮಿಟ್ಟರೆ ಮುಖ ಶಾಂತವಾಗಿ ಕಂಡರೂ ದೇಹದೊಳಗಿನ ಉದ್ವೇಗ ಇಳಿಯುವುದಿಲ್ಲ, ಕೆಲವೊಮ್ಮೆ ಏರುತ್ತದೆ, ಆ ಹೊತ್ತಿನಲ್ಲಿ ಕೇಳಿದ ಮಾತು ನೆನಪಿನಲ್ಲಿ ಸರಿಯಾಗಿ ಉಳಿಯುವುದಿಲ್ಲ ಎಂಬುದನ್ನು ಜೇಮ್ಸ್ ಗ್ರಾಸ್ ಮತ್ತು ಸಂಗಡಿಗರ ಪ್ರಯೋಗಗಳು ತೋರಿಸಿವೆ. ನನಗಾದದ್ದೂ ಹಾಗೆಯೇ. ಕಚೇರಿಯ ಸಭೆಯೊಂದರಲ್ಲಿ ಕಲ್ಲಿನ ಮುಖ ಮಾಡಿಕೊಂಡು ಕುಳಿತು ಆ್ಯಪ್‌ನಿಂದ ಪೂರ್ಣ ಅಂಕ ಪಡೆದೆ. ಹೊರಬಂದ ಮೇಲೆ ಅಲ್ಲಿ ಏನು ತೀರ್ಮಾನವಾಯಿತೆಂದು ಪಕ್ಕದವರನ್ನು ಕೇಳಬೇಕಾಯಿತು.

ಮೂರನೇ ವಾರದ್ದು ಇದಕ್ಕಿಂತ ಕೆಟ್ಟದ್ದು. ಸಿಟ್ಟನ್ನು ‘ಹೊರಹಾಕಲು’ ಪರದೆಯ ಮೇಲೆ ಕೆಂಪು ಬಲೂನುಗಳನ್ನು ಹೆಬ್ಬೆರಳಿನಿಂದ ಕುಟ್ಟಿ ಒಡೆಯುವ ಆಟವಿದೆ. ಕೆಣಕಿದವರನ್ನು ನೆನೆಯುತ್ತ ಗುದ್ದುಚೀಲಕ್ಕೆ ಹೊಡೆದವರ ಕೋಪ ಹೆಚ್ಚಿತು, ಏನೂ ಮಾಡದೆ ಸುಮ್ಮನೆ ಕುಳಿತವರೇ ಅವರಿಗಿಂತ ಮೇಲಾಗಿದ್ದರು ಎಂದು ಬ್ರ್ಯಾಡ್ ಬುಶ್‌ಮನ್ 2002ರಲ್ಲೇ ತೋರಿಸಿದ್ದರು. ಅವರೂ ಸೋಫಿ ಕೆರ್ವಿಕ್ ಅವರೂ 2024ರಲ್ಲಿ 154 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗಲೂ, ದೇಹದ ಉದ್ವೇಗವನ್ನು ಇಳಿಸುವ ಚಟುವಟಿಕೆಗಳು ಕೋಪವನ್ನು ತಗ್ಗಿಸಿದವು, ಏರಿಸುವವು ಒಟ್ಟಾರೆ ತಗ್ಗಿಸಲಿಲ್ಲ. ನನ್ನ ಅನುಭವ ಹೇಳುವುದಾದರೆ, ಐದನೇ ಬಲೂನು ಒಡೆಯುವಷ್ಟರಲ್ಲಿ ಎದುರಾಳಿಗೆ ಹೇಳಬೇಕಾದ ಎರಡು ಹೊಸ ಮಾತುಗಳು ಹೊಳೆದಿದ್ದವು, ಹೆಬ್ಬೆರಳೂ ನೋಯುತ್ತಿತ್ತು.

ಇಷ್ಟಾಗಿಯೂ ನಾನು ಬಿಡದೆ ಮುಂದುವರಿದದ್ದು ಒಳ್ಳೆಯದಾಯಿತು, ಏಕೆಂದರೆ ನಾಲ್ಕು ಮತ್ತು ಐದನೇ ವಾರಗಳು ಬೇರೆ ಯಾರೋ ಬರೆದಂತಿವೆ. ಅಲ್ಲಿನ ಅಭ್ಯಾಸ ಒಂದೇ: ಅನಿಸುತ್ತಿರುವುದಕ್ಕೆ ಹೆಸರಿಡುವುದು. ಭಾವತುಂಬಿದ ಮುಖಗಳ ಚಿತ್ರ ನೋಡುತ್ತ ಆ ಭಾವಕ್ಕೆ ಸರಿಹೊಂದುವ ಪದವನ್ನು ಆರಿಸುವಾಗ ಅಮಿಗ್ಡಲಾದ ಚಟುವಟಿಕೆ ಕಡಿಮೆಯಾಗಿ, ಬಲಬದಿಯ ಪ್ರಿಫ್ರಂಟಲ್ ಕಾರ್ಟೆಕ್ಸ್‌ನ ಕೆಳಭಾಗದ ಚಟುವಟಿಕೆ ಹೆಚ್ಚುವುದನ್ನು ಮ್ಯಾಥ್ಯೂ ಲೀಬರ್‌ಮನ್ ತಂಡ 2007ರಲ್ಲಿ ಮೆದುಳಿನ ಸ್ಕ್ಯಾನ್ ಮೂಲಕ ಕಂಡಿತ್ತು. ಆದರೆ ಆ್ಯಪ್ ಕೊಡುವ ಪಟ್ಟಿಯಲ್ಲಿರುವುದು ಏಳೇ ಪದಗಳು, ಅವೂ ಯಾವುದೋ ಯಂತ್ರ ಅನುವಾದಿಸಿದಂತಿವೆ. ಕೋಪಕ್ಕೆ ಕನ್ನಡದಲ್ಲಿ ಪದಗಳಿಗೇನು ಬರವೇ? ಪ್ರೀತಿಯಿದ್ದಲ್ಲಿ ಮಾತ್ರ ಹುಟ್ಟುವ ಮುನಿಸು, ಮಾತು ಬಿಟ್ಟು ಕೂರುವ ಸೆಡವು, ಅನ್ಯಾಯ ಕಂಡಾಗಿನ ರೋಷ, ಸಾಲು ಸಾಲು ಸಣ್ಣ ತೊಂದರೆಗಳ ಕಿರಿಕಿರಿ, ಇನ್ನೊಬ್ಬರ ಏಳಿಗೆಯಿಂದಾಗುವ ಹೊಟ್ಟೆಯುರಿ, ಇವೆಲ್ಲ ಒಂದೇ ಅಲ್ಲ. ಪುಣ್ಯಕ್ಕೆ ನಮ್ಮ ಪದವನ್ನು ನಾವೇ ಬರೆಯಲು ಖಾಲಿ ಚೌಕವೊಂದನ್ನು ಬಿಟ್ಟಿದ್ದಾರೆ.

ಮೂರು ದಿನ ಕುಳಿತು ಸಿದ್ಧಪಡಿಸಿ ಕಳುಹಿಸಿದ್ದ ವರದಿಗೆ ಒಂದು ಸಂಜೆ ‘ನೋಡಿದೆ. ಮತ್ತೆ ಮಾಡಿ’ ಎಂಬ ಉತ್ತರ ಬಂತು. ಕಿವಿ ಬಿಸಿಯಾಯಿತು, ತಕ್ಕ ಉತ್ತರವನ್ನು ಟೈಪ್ ಮಾಡಿಯೂ ಆಗಿತ್ತು. ಕಳುಹಿಸುವ ಮುನ್ನ ಆ್ಯಪ್ ತೆರೆದು ಆ ಚೌಕದಲ್ಲಿ ‘ಕೋಪ’ ಎಂದು ಬರೆದೆ, ಸಾಲದೆನಿಸಿ ಅಳಿಸಿ ‘ರೋಷ’ ಎಂದು ಬರೆದೆ, ಅದೂ ಹೆಚ್ಚೆನಿಸಿ ಅಳಿಸಿದೆ. ಕೊನೆಗೆ ಉಳಿದ ಪದ ‘ಅವಮಾನ’. ಅದನ್ನು ಕಣ್ಣಾರೆ ನೋಡಿದ ಮೇಲೆ, ಬರೆದಿಟ್ಟ ಉತ್ತರದ ಒಂದು ಸಾಲೂ ಈ ಅವಮಾನದ ಬಗ್ಗೆ ಇಲ್ಲವೆಂದು ತಿಳಿಯಿತು. ಅದನ್ನು ತೆಗೆದು, ಯಾವ ಭಾಗ ಸರಿಯಿಲ್ಲವೆಂದು ಕೇಳಿ ಎರಡು ಸಾಲು ಬರೆದೆ. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಾರದೆಂಬುದು ನನಗೆ ಮೊದಲೂ ಗೊತ್ತಿತ್ತು, ಕತ್ತಿ ಕೆಳಗಿಡುವುದು ಹೇಗೆಂಬುದು ಗೊತ್ತಿರಲಿಲ್ಲ.

ಆರನೇ ವಾರದ ಉಸಿರಾಟದ ಅಭ್ಯಾಸವೂ ಚೆನ್ನಾಗಿದೆ. ಉಸಿರು ಬಿಡುವಾಗ, ಮೆದುಳಿನಿಂದ ಹೃದಯಕ್ಕೆ ಇಳಿಯುವ ವೇಗಸ್ ನರದ ಪ್ರಭಾವ ಹೆಚ್ಚಿ ಹೃದಯದ ಬಡಿತ ನಿಧಾನವಾಗುವುದರಿಂದ, ಒಳಗೆಳೆಯುವುದಕ್ಕಿಂತ ಹೊರಬಿಡುವುದನ್ನು ಉದ್ದವಾಗಿಸುವ ಅವರ ಎಣಿಕೆ ಸರಿಯಾಗಿಯೇ ಇದೆ. ಕೆಡುವುದು ಆಮೇಲೆ: 90 ಸೆಕೆಂಡಿನಲ್ಲಿ ಕೋಪದ ರಾಸಾಯನಿಕಗಳೆಲ್ಲ ತೊಳೆದುಹೋಗುತ್ತವೆಂದು ಹೇಳಿ, ಪರದೆಯ ತುಂಬ ಬಣ್ಣದ ಚೂರುಗಳನ್ನು ಸುರಿಸಿ, ‘ನೀವೀಗ ಶಾಂತ’ ಎಂದು ಘೋಷಿಸುತ್ತಾರೆ. ರಕ್ತದಲ್ಲಿನ ಅಡ್ರಿನಲಿನ್ ಅರ್ಧಕ್ಕಿಳಿಯಲು ಒಂದೆರಡು ನಿಮಿಷ ಬೇಕು, ಒತ್ತಡದ ಹಾರ್ಮೋನಾದ ಕಾರ್ಟಿಸಾಲ್ ತುದಿ ಮುಟ್ಟುವುದೇ ಸುಮಾರು 20ರಿಂದ 30 ನಿಮಿಷಗಳ ನಂತರ. ನಡುವೆ ಅದೇ ಯೋಚನೆಯನ್ನು ಮತ್ತೆ ಕೆದಕಿದರೆ ಎಲ್ಲವೂ ಮೊದಲಿನಿಂದ ಶುರು. ಬಣ್ಣದ ಚೂರುಗಳನ್ನು ನಂಬಿ ತಕ್ಷಣ ಫೋನ್ ಎತ್ತಿಕೊಂಡು ಮಾತಿಗಿಳಿದ ಒಂದು ಸಂದರ್ಭದ ಫಲವನ್ನು ಇಲ್ಲಿ ವಿವರಿಸುವುದಿಲ್ಲ. ಏಳು ಮತ್ತು ಎಂಟನೇ ವಾರಗಳಲ್ಲಿ ಹಿಂದಿನದರ ಪುನರಾವರ್ತನೆಯಲ್ಲದೆ ಹೆಚ್ಚೇನೂ ಇಲ್ಲ.

ನಿದ್ದೆಯ ಬಗ್ಗೆ ಇಡೀ ಪಾಠಕ್ರಮದಲ್ಲಿ ಒಂದೇ ವಾಕ್ಯವಿರುವುದು ಆಶ್ಚರ್ಯ. ಒಂದು ರಾತ್ರಿ ನಿದ್ದೆಗೆಟ್ಟವರಿಗೆ ಮನಕಲಕುವ ಚಿತ್ರಗಳನ್ನು ತೋರಿಸಿದಾಗ ಅಮಿಗ್ಡಲಾದ ಪ್ರತಿಕ್ರಿಯೆ ಸುಮಾರು ಶೇ. 60ರಷ್ಟು ಹೆಚ್ಚಿತ್ತೆಂದೂ, ಪ್ರಿಫ್ರಂಟಲ್ ಕಾರ್ಟೆಕ್ಸ್‌ನ ಒಳಬದಿಯೊಂದಿಗಿನ ಅದರ ಸಂಪರ್ಕ ಸಡಿಲವಾಗಿತ್ತೆಂದೂ ಮ್ಯಾಥ್ಯೂ ವಾಕರ್ ಮತ್ತು ಸಹೋದ್ಯೋಗಿಗಳು 2007ರಲ್ಲಿ ವರದಿ ಮಾಡಿದ್ದಾರೆ. ಇದನ್ನು ಬಲ್ಲ ಯಾರೂ ದಿನದ ಅಭ್ಯಾಸ ಬಾಕಿಯಿದೆಯೆಂದು ರಾತ್ರಿ 11 ಗಂಟೆಗೆ ಗಂಟೆ ಬಾರಿಸಿ ಎಬ್ಬಿಸುವುದಿಲ್ಲ. ಈ ಆ್ಯಪ್ ಎಬ್ಬಿಸುತ್ತದೆ.

ಇನ್ನೊಂದು ಲೋಪ ಗಂಭೀರವಾದದ್ದು. 1848ರಲ್ಲಿ ಕಬ್ಬಿಣದ ಸಲಾಕೆ ತಲೆಯನ್ನು ಹಾದುಹೋದ ಮೇಲೆ ಸ್ವಭಾವವೇ ಬದಲಾದ ಫಿನಿಯಸ್ ಗೇಜ್‌ನ ಕಥೆಯನ್ನು ರೋಚಕವಾಗಿ ಹೇಳುತ್ತಾರೆ. ಆತ ಆಮೇಲೆ ಚಿಲಿ ದೇಶದಲ್ಲಿ ವರ್ಷಗಟ್ಟಲೆ ಕುದುರೆಗಾಡಿ ಓಡಿಸಿ ದುಡಿದದ್ದನ್ನು ಬಿಟ್ಟಿದ್ದಾರೆ. ಅದಕ್ಕಿಂತ ಮುಖ್ಯವಾಗಿ, ತಲೆಗೆ ಪೆಟ್ಟಾದ ನಂತರ ಅಥವಾ ಕಾರಣವಿಲ್ಲದೆ ಸ್ವಭಾವ ಏಕಾಏಕಿ ಬದಲಾದರೆ ವೈದ್ಯರನ್ನು ಕಾಣಬೇಕೆಂಬ ಒಂದು ಸಾಲನ್ನು ಎಲ್ಲಿಯೂ ಸೇರಿಸಿಲ್ಲ. ಅಂಥವರಾಗಲಿ, ಸಿಟ್ಟಿನಲ್ಲಿ ಕೈ ಎತ್ತುವ ಹಂತ ತಲುಪಿದವರಾಗಲಿ ಇದನ್ನು ನೆಚ್ಚಿಕೊಳ್ಳಬಾರದು.

ಉಳಿದವರು ಕೊಳ್ಳುವುದಾದರೆ ಒಂದು ತಿಂಗಳ ಚಂದಾ ಸಾಕು. ಪಾಠಗಳನ್ನು ಹಾರಿಸಿ ನೇರವಾಗಿ ನಾಲ್ಕನೇ ವಾರವನ್ನು ತೆರೆಯಬಹುದು, ಅದಕ್ಕೆ ತಡೆಯಿಲ್ಲ. ರಾತ್ರಿಯ ಗಂಟೆಯನ್ನು ಮೊದಲ ದಿನವೇ ನಿಲ್ಲಿಸಿಬಿಡಿ. ಚಂದಾ ತಾನಾಗಿಯೇ ನವೀಕರಣವಾಗುತ್ತದೆ, ರದ್ದು ಮಾಡುವ ಕೊಂಡಿ ಸಹಾಯ ವಿಭಾಗದ ನಾಲ್ಕನೇ ಪುಟದ ತಳದಲ್ಲಿ ಸಣ್ಣ ಅಕ್ಷರಗಳಲ್ಲಿದೆ. ಅದನ್ನು ಹುಡುಕುವಾಗ ಆರನೇ ವಾರದ ಉಸಿರಾಟ ನನಗೆ ಬೇಕಾಯಿತು.