ಟೆಲಿ ಮಾನಸ್ 14416: ಖಿನ್ನತೆಯಿರುವವರ ಮನೆಯವರು ಬಳಸಿ ನೋಡಿದಂತೆ

ಖಿನ್ನತೆಗೆ ಒಳಗಾದವರಿಗಾಗಿ ಇರುವ ಸಹಾಯವಾಣಿಗೆ ಅವರ ಮನೆಯವರೂ ಕರೆ ಮಾಡಬಹುದೆಂಬುದು ನಮ್ಮ ಕಡೆ ಹೆಚ್ಚು ಜನರಿಗೆ ತಿಳಿದಂತಿಲ್ಲ. ಕೇಂದ್ರ ಸರ್ಕಾರವು 2022ರ ಅಕ್ಟೋಬರ್ 10ರ ವಿಶ್ವ ಮಾನಸಿಕ ಆರೋಗ್ಯ ದಿನದಂದು ಆರಂಭಿಸಿದ ಟೆಲಿ ಮಾನಸ್ ಎಂಬ ಫೋನ್ ಸಹಾಯವಾಣಿಯನ್ನು ಶಿರಸಿ ಸಮೀಪದ ನಮ್ಮ ಮನೆಯಿಂದ ನಾನೂ ಅತ್ತಿಗೆಯೂ ಹಲವು ಸಲ ಬಳಸಿದ್ದೇವೆ. ಅಣ್ಣನ ಕಾಯಿಲೆಯಿಂದಾಗಿ ಮನೆಯೊಳಗೂ ಊರೊಳಗೂ ಹದಗೆಡುತ್ತಿದ್ದ ಸಂಬಂಧಗಳ ವಿಷಯದಲ್ಲಿ ಅದರಿಂದ ಆದ ಉಪಕಾರವನ್ನು, ಅವನ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.

ಖಿನ್ನತೆ ಹೊರಗಿನವರ ಕಣ್ಣಿಗೆ ಸೊಕ್ಕಿನಂತೆಯೋ ಸೋಮಾರಿತನದಂತೆಯೋ ಕಾಣುತ್ತದೆ. ತೋಟದ ದಾರಿಯಲ್ಲಿ ಸಿಕ್ಕ ನೆರೆಮನೆಯವರು ‘ಅಡಿಕೆಗೆ ಕೊಳೆರೋಗದ ಔಷಧಿ ಹೊಡೆದಾಯ್ತಾ?’ ಎಂದು ಕೇಳಿದರೆ, ಅಣ್ಣನ ಬಾಯಿಂದ ಉತ್ತರ ಹೊರಡುವಷ್ಟರಲ್ಲಿ ಕೇಳಿದವರು ಅದನ್ನು ತಾತ್ಸಾರವೆಂದು ತಿಳಿದು ಮುಂದೆ ನಡೆದಿರುತ್ತಿದ್ದರು. ಈ ಕಾಯಿಲೆಯಲ್ಲಿ ಯೋಚನೆಯೂ ಮಾತೂ ನಿಧಾನವಾಗಬಹುದು ಎಂಬುದು ಅವರಿಗೆ ಹೇಗೆ ತಿಳಿಯಬೇಕು? ಅಡಿಕೆ ಸುಲಿಯುವ ದಿನಗಳಲ್ಲಿ ಎಲ್ಲರೂ ಮೆಟ್ಟುಗತ್ತಿಯ ಮುಂದೆ ಸಾಲಾಗಿ ಕೂತು ರಾತ್ರಿ ನಡೆಸುವ ಹರಟೆಯಲ್ಲಿ ಸದಾ ಮುಂದಿರುತ್ತಿದ್ದವನು, ತನ್ನ ಪಾಲಿನ ಒಂದು ಬುಟ್ಟಿ ಅಡಿಕೆಯನ್ನು ಹಿತ್ತಿಲ ಕಡೆಗೆ ಒಯ್ದು ಒಬ್ಬನೇ ಸುಲಿಯತೊಡಗಿದ. ಮೊದಲು ಖುಷಿ ಕೊಡುತ್ತಿದ್ದ ಯಾವುದರಲ್ಲೂ ರುಚಿ ಉಳಿಯದಿರುವುದು ಖಿನ್ನತೆಯ ಮುಖ್ಯ ಲಕ್ಷಣಗಳಲ್ಲೊಂದು. ಹಾಗಾದಾಗ ಜನರ ನಡುವೆ ಕೂರುವುದೆಂದರೆ ಬರಿಯ ದಣಿವು. ಅವನು ಬರುವುದಿಲ್ಲವೆಂದು ಜನ ಕರೆಯುವುದನ್ನು ಬಿಟ್ಟರು, ಕರೆಯುವುದಿಲ್ಲವೆಂಬುದನ್ನೇ ಅವನು ತಾನು ಯಾರಿಗೂ ಬೇಡವಾದೆನೆಂಬುದಕ್ಕೆ ಸಾಕ್ಷಿಯಾಗಿ ಹಿಡಿದುಕೊಂಡ.

ಮನೆಯೊಳಗಿನ ಪಾಡು ಬೇರೆಯೇ ಆಗಿತ್ತು. ‘ನಿಂಗೆ ನನ್ನ ಮೇಲೆ ಬೇಜಾರಾ?’ ಎಂದು ಅವನು ಅತ್ತಿಗೆಯನ್ನು ದಿನವೂ ಕೇಳುತ್ತಿದ್ದ. ಇಲ್ಲವೆಂದು ಹೇಳಿದರೆ ನಂಬುತ್ತಿರಲಿಲ್ಲ, ಸ್ವಲ್ಪ ಹೊತ್ತಿನಲ್ಲಿ ಮತ್ತೆ ಕೇಳುತ್ತಿದ್ದ. ಕೊನೆಗೆ ಅವಳಿಗೆ ನಿಜವಾಗಿಯೇ ಬೇಜಾರು ಬಂತು. ಖಿನ್ನರಾದವರು ಮೇಲಿಂದ ಮೇಲೆ ಭರವಸೆ ಬೇಡುವುದು, ಹತ್ತಿರದವರು ಕ್ರಮೇಣ ಬಳಲಿ ದೂರ ಸರಿಯುವುದು, ಆ ದೂರದಿಂದ ಖಿನ್ನತೆ ಇನ್ನಷ್ಟು ಆಳಕ್ಕೆ ಇಳಿಯುವುದು, ಈ ಸುತ್ತನ್ನು ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಕೊಯ್ನ್ 1976ರಲ್ಲೇ ವಿವರಿಸಿದ್ದಾರೆ.

ಸೇವೆಯ ವಿಷಯಕ್ಕೆ ಬರುತ್ತೇನೆ. ಬೆಂಗಳೂರಿನ ನಿಮ್ಹಾನ್ಸ್ ಮುಂದಾಳತ್ವದಲ್ಲಿ ನಡೆಯುವ ಈ ಸಹಾಯವಾಣಿ ಹಗಲು ರಾತ್ರಿ ಉಚಿತವಾಗಿ ಸಿಗುತ್ತದೆ. 14416ಕ್ಕೆ ಕರೆ ಮಾಡಿ ಕನ್ನಡವನ್ನು ಆರಿಸಿಕೊಂಡರೆ ತರಬೇತಿ ಪಡೆದ ಆಪ್ತಸಮಾಲೋಚಕರು ಮಾತಿಗೆ ಸಿಗುತ್ತಾರೆ, ಅಗತ್ಯವೆನಿಸಿದರೆ ತಜ್ಞರಿಗೆ ದಾಟಿಸುತ್ತಾರೆ. ನನಗೆ ಸಿಕ್ಕವರು ಉಪದೇಶಕ್ಕೆ ಇಳಿಯದೆ ಮೊದಲು ನಿದ್ದೆ, ಊಟ, ತೋಟದ ಕೆಲಸ ಹೇಗೆ ಸಾಗಿದೆ ಎಂದು ವಿಚಾರಿಸಿದರು. ಸಾಯುವ ಯೋಚನೆ ಬಂದಿದೆಯೇ ಎಂದು ಅಣ್ಣನನ್ನೇ ನೀವು ನೇರವಾಗಿ ಕೇಳಬಹುದು, ಕೇಳಿದ ಮಾತ್ರಕ್ಕೆ ಆ ಯೋಚನೆ ತಲೆಗೆ ಹೊಕ್ಕುವುದಿಲ್ಲ ಎಂದು ಧೈರ್ಯ ಹೇಳಿದರು. ‘ಎದ್ದು ನಾಲ್ಕು ಜನರ ಜೊತೆ ಓಡಾಡು, ಎಲ್ಲಾ ಸರಿಯಾಗ್ತದೆ’ ಎಂಬ ಆಯಿಯ ನಿತ್ಯದ ಮಾತಿಗೆ ಬದಲಾಗಿ, ಹಿತ್ತಿಲಲ್ಲಿ ಅವನ ಪಕ್ಕಕ್ಕೆ ಒಬ್ಬರೇ ಹೋಗಿ ಮಾತಿಲ್ಲದೆ ಅಡಿಕೆ ಸುಲಿಯಿರಿ ಎಂದರು. ಅತ್ತಿಗೆಗೆ ಕೊಟ್ಟ ಸಲಹೆ ನನಗೆ ಬಹಳ ಹಿಡಿಸಿತು: ಅದೇ ಪ್ರಶ್ನೆ ಮತ್ತೆ ಬಂದರೆ ವಾದಿಸಬೇಡಿ, ‘ಒಮ್ಮೆ ಹೇಳಿದ್ದೇನೆ, ಅದೇ ನಿಜ, ಬನ್ನಿ, ಕೊಟ್ಟಿಗೆ ಕಡೆ ಹೋಗಿ ಬರೋಣ’ ಎಂದು ಸಣ್ಣ ಕೆಲಸಕ್ಕೆ ಕರೆಯಿರಿ. ನೆರೆಯವರಿಗೂ ‘ಆರಾಮಿಲ್ಲ, ಔಷಧಿ ನಡೆದಿದೆ’ ಎಂದಷ್ಟೇ ತಿಳಿಸಿದೆವು. ಕಥೆ ಕಟ್ಟುತ್ತಿದ್ದ ಬಾಯಿಗಳು ಅಷ್ಟಕ್ಕೇ ಮುಚ್ಚಿದವು, ಕೆಲವರು ಮೊದಲಿನಂತೆ ಜಗುಲಿಗೆ ಬಂದು ಕವಳ ಹಾಕಿ ಹೋಗತೊಡಗಿದರು.

ಇದಕ್ಕೂ ಮುನ್ನ ಹಣ ತೆತ್ತು ಬಳಸಿದ ಒಂದು ಖಾಸಗಿ ಆ್ಯಪ್‌ನಲ್ಲಿ ಸಮಾಲೋಚಕರ ಮಾತೆಲ್ಲ ಇಂಗ್ಲಿಷಿನಲ್ಲೇ ಇತ್ತು, ಅಣ್ಣ ಬರೀ ‘ಹೂಂ’ ಎನ್ನುತ್ತಿದ್ದ. ಅದರ ಬಗ್ಗೆ ಹೆಚ್ಚು ಬರೆಯುವ ಅಗತ್ಯವಿಲ್ಲ.

ಟೆಲಿ ಮಾನಸ್‌ಗೂ ಮಿತಿಗಳಿವೆ. ಸಾಮಾನ್ಯ ಫೋನ್ ಕರೆಯಲ್ಲಿ ಮುಖ ಕಾಣುವುದಿಲ್ಲ, ಮಾತೇ ಆಡಲು ಆಗದವರಿಗೆ ಕರೆ ಮಾಡುವುದೇ ಗುಡ್ಡ ಹತ್ತಿದಂತೆ. ಅದಕ್ಕಾಗಿಯೇ ಮೊದಲ ಕರೆಯನ್ನು ಮನೆಯವರು ಮಾಡುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ. ಇದು ಆಸ್ಪತ್ರೆಗೆ ಬದಲಿಯೂ ಅಲ್ಲ. ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಡಿ ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗಳಿಗೆ ನಿಗದಿತ ಮಂಗಳವಾರ ಬರುವ ವ್ಯವಸ್ಥೆಯಿದೆ, ಕಾರವಾರದಲ್ಲಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಿದೆ. ಖಿನ್ನತೆಯ ಮಾತ್ರೆಗಳ ಪರಿಣಾಮ ಕಾಣಲು ಕೆಲವು ವಾರಗಳು ಬೇಕಾಗುವುದರಿಂದ, ಜ್ವರದ ಮಾತ್ರೆಯಂತೆ ಮರುದಿನವೇ ಗುಣ ನಿರೀಕ್ಷಿಸಿ ನಡುವೆ ನಿಲ್ಲಿಸಬಾರದು. ಜೀವಕ್ಕೆ ಅಪಾಯವೆನಿಸಿದ ಗಳಿಗೆಯಲ್ಲಂತೂ 108ಕ್ಕೆ ಕರೆ ಮಾಡಿ, ಕಾಯಿಲೆಯವರನ್ನು ಒಂಟಿಯಾಗಿ ಬಿಡದೆ, ತೋಟಕ್ಕೆ ಹೊಡೆಯುವ ಔಷಧಿಗಳನ್ನು ಬೀಗದೊಳಗಿಡಬೇಕು.

ನಮ್ಮಂತೆ ಘಟ್ಟದ ಊರಿನವರಾಗಿದ್ದರೆ ಸಿಗ್ನಲ್ ಗಟ್ಟಿಯಾಗಿರುವ ಜಾಗವನ್ನು ಮೊದಲೇ ನೋಡಿಟ್ಟುಕೊಳ್ಳಿ. ತೆಗೆದುಕೊಳ್ಳುತ್ತಿರುವ ಮಾತ್ರೆಗಳ ಚೀಟಿ ಕೈಯಲ್ಲಿರಲಿ.