ಹಾಲುಹಲ್ಲಿನ ಆಳದ ಹುಳುಕು: ಕಪ್ಪು ಮದ್ದು, ಸ್ಟೀಲ್ ಕ್ಯಾಪ್, ನರದ ಚಿಕಿತ್ಸೆ, ಕೀಳುವುದು

ಮುಂಬಯಿಯ ಮುಲುಂಡ್‌ನಲ್ಲಿರುವ ನನ್ನ ಇಬ್ಬರು ಮಕ್ಕಳು, ಪುಣೆಯಲ್ಲಿರುವ ತಂಗಿಯ ಮಗ, ಈ ಮೂವರ ದವಡೆಯ ಹಾಲುಹಲ್ಲಿಗೂ ಆಳದವರೆಗೆ ಹುಳುಕು ಹಿಡಿದಿತ್ತು. ಹಾಗಾಗಿ ಇರುವ ಚಿಕಿತ್ಸೆಗಳನ್ನೆಲ್ಲ ಹತ್ತಿರದಿಂದ ನೋಡಿದ್ದಾಯಿತು. "ಹೇಗೂ ಬೀಳೋ ಹಲ್ಲು, ಅದಕ್ಯಾಕೆ ಇಷ್ಟು ದುಡ್ಡು?" ಎಂದು ನಮ್ಮತ್ತೆ ಕೇಳಿದರು. ಮುಂದಿನ ಹಲ್ಲುಗಳು ಆರೇಳು ವರ್ಷಕ್ಕೆ ಬೀಳುತ್ತವೆ ನಿಜ. ಆದರೆ ಹಿಂದಿನ ದವಡೆ ಹಲ್ಲು 10-12 ವರ್ಷದವರೆಗೂ ಬಾಯಲ್ಲಿರಬೇಕು. ಐದು ವರ್ಷದ ಮಗು ಇನ್ನೂ ಅಷ್ಟೇ ವರ್ಷ ಅದರಲ್ಲೇ ಅಗಿಯಬೇಕು ಅಲ್ವಾ?

ಯಾವ ಚಿಕಿತ್ಸೆ ಅನ್ನುವುದಕ್ಕಿಂತ ಮೊದಲು ನೋವು ಹೇಗೆ ಬರುತ್ತದೆ ಎಂದು ಗಮನಿಸಿ. ತಣ್ಣೀರು ಕುಡಿದಾಗ, ಚಾಕೊಲೇಟ್ ತಿಂದಾಗ ಚುಳ್ ಎಂದು ತಕ್ಷಣ ಹೋದರೆ ನರ ಇನ್ನೂ ಉಳಿಯುವ ಸಾಧ್ಯತೆ ಇದೆ. ಏನೂ ತಿನ್ನದೆ ರಾತ್ರಿ ನಿದ್ದೆಯಿಂದೆದ್ದು ಅತ್ತರೆ ನರಕ್ಕೇ ಪೆಟ್ಟು ಬಿದ್ದಿರಬಹುದು. ಒಸಡಿನ ಮೇಲೆ ಕೀವಿನ ಗುಳ್ಳೆ ಎದ್ದರೆ ಬೇರಿನವರೆಗೂ ಸೋಂಕು ಇಳಿದಿದೆ ಎಂದೇ ಅರ್ಥ. ಇದಿಷ್ಟನ್ನೂ ಡಾಕ್ಟರಿಗೆ ಹೇಳಿ, ಎಕ್ಸ್‌ರೇ ತೆಗೆಸಿದ ಮೇಲೆಯೇ ಮುಂದಿನ ಮಾತು.

ಮಗಳ ಒಂದು ಹಲ್ಲಿಗೆ ಮೊದಲು ಹಚ್ಚಿದ್ದು ಎಸ್‌ಡಿಎಫ್. ಪೂರ್ತಿ ಹೆಸರು ಸಿಲ್ವರ್ ಡೈಅಮೈನ್ ಫ್ಲೋರೈಡ್, ಶೇ. 38ರ ದ್ರಾವಣ. ಸೂಜಿ ಇಲ್ಲ, ಡ್ರಿಲ್ ಇಲ್ಲ. ಪುಟ್ಟ ಬ್ರಶ್‌ನಲ್ಲಿ ಒಂದು ಹನಿ ಸವರಿದರು, ಮುಗೀತು. ಹುಳುಕು ಅಲ್ಲಿಗೇ ಗಟ್ಟಿಯಾಗಿ ನಿಂತಿತು, ಆದರೆ ಆ ಭಾಗ ಕರ್ರಗಾಯಿತು. ಹಲ್ಲಿನ ಕಪ್ಪು ಹೋಗುವುದಿಲ್ಲ. ಗುಂಡಿಯೂ ಹಾಗೇ ಇರುತ್ತದೆ, ಅನ್ನದ ಅಗುಳು ಸಿಕ್ಕಿಕೊಳ್ಳುತ್ತದೆ. ಕುರ್ಚಿ ಕಂಡರೇ ಹೆದರುವ ಪುಟ್ಟ ಮಕ್ಕಳಿಗೆ ಇದು ದೊಡ್ಡ ಉಪಕಾರ. ರಾತ್ರಿ ನೋವು ಶುರುವಾದ ಹಲ್ಲಿಗೆ ಮಾತ್ರ ಇದು ಬೇಡ.

ಅವಳ ಇನ್ನೊಂದು ಹಲ್ಲಿನಲ್ಲಿ ನೋವಿರಲಿಲ್ಲ, ಎಕ್ಸ್‌ರೇಯಲ್ಲಿ ನರಕ್ಕೂ ಹುಳುಕಿಗೂ ನಡುವೆ ಅಂತರ ಕಾಣುತ್ತಿತ್ತು. ಅದಕ್ಕೆ ಹಾಲ್ ಟೆಕ್ನಿಕ್ ಮಾಡಿಸಿದೆವು. ಸ್ಕಾಟ್ಲೆಂಡಿನ ನೋರ್ನಾ ಹಾಲ್ ಎಂಬ ಹಲ್ಲಿನ ವೈದ್ಯೆಯ ಹೆಸರು ಅದು. ಹುಳುಕನ್ನು ಕೆರೆಯದೆ, ಅದರ ಮೇಲೆಯೇ ಸಿಮೆಂಟ್ ತುಂಬಿದ ಸ್ಟೀಲ್ ಕ್ಯಾಪ್ ಕೂರಿಸುತ್ತಾರೆ. ಒಳಗೆ ಸಿಕ್ಕಿಬಿದ್ದ ಕ್ರಿಮಿಗಳಿಗೆ ಆಹಾರ ಸಿಗದೆ ಹುಳುಕು ನಿಲ್ಲುತ್ತದೆ. ಕೆಲವು ದಿನ ಮೊದಲೇ ಹಲ್ಲಿನ ಸಂದಿಯಲ್ಲಿ ಪುಟ್ಟ ರಬ್ಬರ್ ಉಂಗುರ ಸಿಕ್ಕಿಸಿ ಜಾಗ ಮಾಡಿಕೊಂಡಿದ್ದರು. ಆಮೇಲೆ ಕ್ಯಾಪ್ ಇಟ್ಟು "ಜೋರಾಗಿ ಕಚ್ಚು" ಅಂದರು. ಒಸಡು ಕ್ಷಣ ಬಿಳಿಚಿಕೊಂಡಿತು. ಸ್ವಲ್ಪ ದಿನ ಬಾಯಿ ಸರಿಯಾಗಿ ಮುಚ್ಚುತ್ತಿರಲಿಲ್ಲ, ತಾನಾಗೇ ಹೊಂದಿಕೊಂಡಿತು.

ಮಗನದು ಬೇರೆ ಕಥೆ. ಹುಳುಕು ನರಕ್ಕೆ ತಾಗಿತ್ತು, ಆದರೆ ಕೀವಿರಲಿಲ್ಲ. ಮಾಡಿದ್ದು ಪಲ್ಪಾಟಮಿ. ಹಲ್ಲಿನ ತಲೆಭಾಗದ ನರ ಮಾತ್ರ ತೆಗೆದು, ಬೇರಿನೊಳಗಿನದನ್ನು ಉಳಿಸುತ್ತಾರೆ. ಮರಗಟ್ಟಿಸುವ ಇಂಜೆಕ್ಷನ್ ಬೇಕೇ ಬೇಕು. ನರ ತೆಗೆದ ಮೇಲೆ ಡಾಕ್ಟರ್ ಒದ್ದೆ ಹತ್ತಿಯುಂಡೆ ಒತ್ತಿ ಹಿಡಿದು ಕಾದರು. ಎತ್ತಿದಾಗ ರಕ್ತ ನಿಂತಿತ್ತು. ಹಾಗೆ ಕೆಲವೇ ನಿಮಿಷಗಳಲ್ಲಿ ನಿಂತರೆ ಬೇರಿನ ನರ ಚೆನ್ನಾಗಿದೆ ಎಂಬ ಗುರುತು. ನಿಲ್ಲದಿದ್ದರೆ ಪೂರ್ತಿ ನರ ತೆಗೆದು ಪಲ್ಪೆಕ್ಟಮಿ ಮಾಡಬೇಕಾಗುತ್ತದೆ. ಅದರಲ್ಲಿ ಬೇರಿನೊಳಗೆ ತುಂಬುವ ಮದ್ದು ಹಾಲುಹಲ್ಲಿನ ಬೇರಿನ ಜೊತೆಗೇ ಕರಗುವಂಥದ್ದಾಗಿರಬೇಕು, ಇಲ್ಲದಿದ್ದರೆ ಕೆಳಗಿನ ಹೊಸ ಹಲ್ಲಿಗೆ ಅಡ್ಡಿ.

ಪಲ್ಪಾಟಮಿಗೆ ಯಾವ ಮದ್ದು ಇಡುತ್ತೀರಿ ಎಂದು ಧೈರ್ಯವಾಗಿ ಕೇಳಿ. ಹಿಂದೆ ಫಾರ್ಮೋಕ್ರೆಸಾಲ್ ಬಳಸುತ್ತಿದ್ದರು, ಅದರಲ್ಲಿ ಫಾರ್ಮಾಲ್ಡಿಹೈಡ್ ಎಂಬ ವಿಷಕಾರಿ ರಾಸಾಯನಿಕ ಇದೆ. ಈಗ ಅದರ ಬದಲು ಎಂಟಿಎ, ಬಯೋಡೆಂಟಿನ್ ಎಂಬ ಸಿಮೆಂಟ್‌ನಂಥ ಮದ್ದುಗಳಿವೆ. ದುಬಾರಿಯೇ, ಆದರೆ ನಾನು ಇಂಥದ್ದನ್ನೇ ಆರಿಸಿದೆ. ಮೇಲೆ ಬರೀ ಫಿಲ್ಲಿಂಗ್ ಸಾಕೇ ಅಂದರೆ ಸಾಲದು. ಒಳಗೆ ಟೊಳ್ಳಾದ ಹಲ್ಲು ಅಗಿಯುವಾಗ ಒಡೆಯುತ್ತದೆ, ಸ್ಟೀಲ್ ಕ್ಯಾಪ್ ಹಾಕಿಸಿ. ಹಲ್ಲು ಬೀಳುವಾಗ ಅದರ ಜೊತೆಗೇ ಕ್ಯಾಪ್ ಕೂಡ ಬೀಳುತ್ತದೆ. ಬಿಳಿ ಜಿರ್ಕೋನಿಯಾ ಕ್ಯಾಪ್ ಚೆಂದ ಕಾಣುತ್ತದೆ, ಆದರೆ ಅದಕ್ಕಾಗಿ ಹಲ್ಲನ್ನು ಜಾಸ್ತಿ ಉಜ್ಜಬೇಕು. ಹಿಂದಿನ ಹಲ್ಲಿಗೆ ಅಷ್ಟು ಚೆಂದ ಬೇಕಿಲ್ಲ.

ತಂಗಿಯ ಮಗನಿಗೆ ಕೀಳಿಸಿದರು. ಗುಳ್ಳೆ ಎದ್ದಿತ್ತು, ಬೇರು ಕರಗಿತ್ತು, ಬೇರೆ ದಾರಿ ಇರಲಿಲ್ಲ. ಅಂದಿನ ಖರ್ಚು ಕಮ್ಮಿ. ಆದರೆ ಕೊನೆಯ ಹಾಲುದವಡೆ ಹಲ್ಲು ಹೋದರೆ ಸುಮಾರು ಆರನೇ ವರ್ಷಕ್ಕೆ ಬರುವ ದೊಡ್ಡ ದವಡೆ ಹಲ್ಲು ಮುಂದಕ್ಕೆ ಜಾರಿ, ಹೊಸ ಹಲ್ಲಿಗೆ ಜಾಗವೇ ಉಳಿಯುವುದಿಲ್ಲ. ಅದಕ್ಕೆ ಆ ಜಾಗ ಕಾಯುವ ತಂತಿಯ ಸ್ಪೇಸ್ ಮೇಂಟೇನರ್ ಹಾಕಿಸಬೇಕು. ಅದು ಸಡಿಲವಾಗಿದೆಯಾ ಎಂದು ಆಗಾಗ ತೋರಿಸುತ್ತಲೂ ಇರಬೇಕು. ಎಲ್ಲ ಲೆಕ್ಕ ಹಾಕಿದರೆ ಕೀಳಿಸುವುದೇನೂ ಅಗ್ಗವಲ್ಲ.

ನನ್ನನ್ನು ಕೇಳಿದರೆ, ನರಕ್ಕೆ ತಾಗುವ ಮೊದಲೇ ಹಾಲ್ ಕ್ಯಾಪ್ ಎಲ್ಲಕ್ಕಿಂತ ಒಳ್ಳೆಯದು. ತಾಗಿದ್ದರೆ ಎಂಟಿಎ ಪಲ್ಪಾಟಮಿ, ಮೇಲೆ ಸ್ಟೀಲ್ ಕ್ಯಾಪ್. ಖಾಸಗಿ ಕ್ಲಿನಿಕ್‌ನ ಖರ್ಚು ತೂಗಿಸಲಾಗದಿದ್ದರೆ ಮುಂಬಯಿ ಸೆಂಟ್ರಲ್‌ನ ನಾಯರ್ ದಂತ ಕಾಲೇಜು, ಸಿಎಸ್‌ಎಂಟಿ ರೈಲು ನಿಲ್ದಾಣದ ಹತ್ತಿರದ ಸರ್ಕಾರಿ ದಂತ ಕಾಲೇಜು ಎರಡರಲ್ಲೂ ಮಕ್ಕಳ ವಿಭಾಗ ಇದೆ. ಬೆಳಗ್ಗೆ ಬೇಗ ಹೋಗಿ, ಮಗುವಿಗೊಂದು ಪುಸ್ತಕ ಇಟ್ಟುಕೊಳ್ಳಿ.